ಯುದ್ಧದ ಹೊಗೆ, ಲೋಬಾನದ ಹೊಗೆ

ಹರಿಹರದ ಹೊಳೆದಂಡೆಯ ಹಳೇ ರಣರಂಗದಲ್ಲಿ ಈಗ ದೊಡ್ಡ ಷೆಡ್ ಹಾಕಿ, ಸುತ್ತಲೂ ಪರದೆ ಕಟ್ಟಿ, ‘ಯುದ್ಧದ ಅನುಭವ’ ಅಂತ ತೋರಿಸುತ್ತಾರೆ. ನೆಲ ನಡುಗುತ್ತದೆ, ಫಿರಂಗಿ ಗುಡುಗುತ್ತದೆ, ಮುಖಕ್ಕೆ ಹೊಗೆ ಬಡಿಯುತ್ತದೆ. ದುಡ್ಡು ಕೊಟ್ಟು ಹೆದರುವ ಜನ! ಆ ಹೊಗೆ ಮಷೀನಿನ ಲಿಕ್ವಿಡ್ ಕ್ಯಾನುಗಳನ್ನು ದಾವಣಗೆರೆಯಿಂದ ಲಗೇಜ್ ಆಟೋದಲ್ಲಿ ಒಯ್ಯುವ ಕೆಲಸ ಆಗ ನನ್ನದು.

ಅವತ್ತು ಗುರುವಾರ. ನಮ್ಮ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಮುದುಕ ಸಾಬರನ್ನು ಷೆಡ್ಡಿನ ಗೇಟಿನಲ್ಲೇ ತಡೆದಿದ್ದರು. ಷೆಡ್ಡಿನ ಹಿಂದೆ, ಆ ಯುದ್ಧದಲ್ಲಿ ಸತ್ತ ಹೆಸರಿಲ್ಲದ ಸಿಪಾಯಿಯ ಗೋರಿ ಇದೆ. ಅಜ್ಜನ ಕಾಲದಿಂದ ವಾರ ತಪ್ಪದೆ ಅಲ್ಲಿ ಲೋಬಾನದ ಧೂಪ ಹಾಕುವವರು ಇವರ ಮನೆಯವರೇ.

“ಒಳಗೆ ಹೊಗೆ ಹಾಕಂಗಿಲ್ರಿ ಸಾಬ್ರೆ, ರೂಲ್ಸ್ ಐತೆ,” ಅಂದ ಮ್ಯಾನೇಜರ್.

“ಬೆಳಿಗ್ಗಿಂದ ನೀವು ಹಾಕ್ತಿರೋದು ಏನಪ್ಪ ಮತ್ತೆ?”

“ಅದು ಎಫೆಕ್ಟ್ ರೀ.”

ನನಗೆ ಮೈ ಉರಿಯಿತು. ಇಳಿಸಿದ್ದ ಕ್ಯಾನುಗಳನ್ನು ಮತ್ತೆ ಆಟೋಕ್ಕೆ ಏರಿಸಿದೆ. “ರೂಲ್ಸ್ ಅಂದ್ರೆ ರೂಲ್ಸ್ ಸರ್. ಇದೂ ಹೊಗೇದೇ, ವಾಪಸ್ ಒಯ್ತೀನಿ.”

ಮುಂದಿನ ಷೋಗೆ ಜನ ಸಾಲುಗಟ್ಟಿದ್ದರು. ಮ್ಯಾನೇಜರ್ ಹಲ್ಲು ಕಚ್ಚಿಕೊಂಡು, “ಜಲ್ದಿ ಮುಗಿಸ್ರಿ,” ಅಂತ ಸಾಬರಿಗೆ ಗೇಟು ತೆಗೆದ.

ಆ ಷೋ ಮುಗಿಸಿ ಹೊರಬಂದವನೊಬ್ಬ ಅವನ ಕೈ ಕುಲುಕಿದ: “ಬಾಕಿ ಎಲ್ಲಾ ಸುಮಾರು ಸರ್. ಕಡೆಗೆ ಲೋಬಾನದ ವಾಸ್ನೆ ಬಿಟ್ರಲ್ಲ, ಅದೊಂದು ಮಾತ್ರ ಥೇಟ್ ನಿಜದಂಗಿತ್ತು!”

ಮ್ಯಾನೇಜರ್ ನಾಚಿಕೆಯಿಲ್ಲದೆ ಥ್ಯಾಂಕ್ಯೂ ಅಂದ.