ಗೋಪಮ್ಮನ ಹೋಲಿಕೆಗಳು

೧೯೪೫ರಲ್ಲಿ ನಾನು ಮಾನ್ವಿಯಲ್ಲಿ ಮಕ್ಕಳಿಗೆ ಉಪಮೆ, ರೂಪಕ ಕಲಿಸುವ ಹೊಸ ಮಾಸ್ತರ. ಒಂದು ಸಾವಿನ ಮನೆಯಲ್ಲಿ ಗೋಪಮ್ಮ, "ಮನಿ ತೊಲಿ ಮುರೀತಲ್ಲೋ ಯಪ್ಪಾ" ಎಂದು ಹಾಡಿ ಅತ್ತಾಗ, ಮಾಳಿಗೆ ಬೀಳುತ್ತದೆಂದು ಹೊರಗೆ ಓಡಿದವನು ನಾನೊಬ್ಬನೇ.

ಹೆಣದ ಮುಂದೆ ಹಾಡುವುದೇ ಅವಳ ಕೂಲಿ. ಸೇರು ಜೋಳ ಸಿಗುತ್ತಿತ್ತು. ಸತ್ತ ಕುಂಬಾರನನ್ನು ಒಡೆದ ಗಡಿಗೆ ಎನ್ನುವಳು, ಅಂಬಿಗನನ್ನು ದಡ ಸೇರದ ಹರಿಗೋಲು ಎನ್ನುವಳು. ನಾನು ಅವನ್ನೇ ಕದ್ದು ಪಾಠದಲ್ಲಿ ಹೇಳಿ ಜಾಣನೆನಿಸಿಕೊಂಡೆ.

ಆ ಬೇಸಿಗೆ ಅವಳ ಒಬ್ಬನೇ ಮಗ ಮೌನಪ್ಪ ವಾಂತಿಭೇದಿಯಿಂದ ಸತ್ತ. ಓಣಿಯೆಲ್ಲ ಹಾಡಿಗೆ ಕಾದಿತ್ತು.

"ಹಾಡದಿದ್ರ ನಾಳಿ ಯಾರೂ ಕರಿಯಾಂಗಿಲ್ಲ ಬೇ" ಎಂದು ನೆರೆಯವಳು ತಿವಿದಳು. ಗೋಪಮ್ಮ ಮಗನ ಕಾಲು ಒರೆಸುತ್ತಲೇ ಇದ್ದಳು.

ಮಣ್ಣು ಮಾಡಿ ಬಂದ ಮೇಲೆ ಕೇಳಬಾರದ್ದನ್ನು ಕೇಳಿದೆ: "ಯವ್ವಾ, ಮಗನಿಗೆ ಒಂದು ಹೋಲಿಕಿನೂ ಸಿಗಲಿಲ್ಲೇನು?"

"ಹೋಲಿಕಿ ಹೇಳೋದು ಕೂಲಿಗೆ, ಮಾಸ್ತರ. ಸತ್ತಾಂವ ನನ್ನ ಮಗ."