ಎಲೆ ದಿಲಾವರನಿಗೆ, ಸುಣ್ಣ ಮೈಲಾರಪ್ಪನಿಗೆ

ಸವಣೂರಿನ ಮಸೀದಿಯಲ್ಲಿ ನಸುಕಿನ ಬಾಂಗ್ ಮುಗಿದಿದೆ, ಮಠದ ಗಂಟೆ ಇನ್ನೂ ಎದ್ದಿಲ್ಲ. ಆ ನಡುವಿನ ಹೊತ್ತಿನಲ್ಲಿ ಊರಾಚೆಯ ಮೈದಾನಕ್ಕೆ ಒಬ್ಬರೇ ಒಬ್ಬರು ಬಂದಿದ್ದಾರೆ. ಹೆಗಲ ಮೇಲೆ ಸುಣ್ಣದ ಚೀಲ, ಕೈಯಲ್ಲಿ ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿ. ಎರಡು ಗೂಟಗಳ ನಡುವೆ ಹಗ್ಗ ಬಿಗಿದು, ಸೊಂಟ ಬಗ್ಗಿಸಿ, ಡಬ್ಬಿಯನ್ನು ತಟ್ಟಿ ತಟ್ಟಿ ಹಿಂದಕ್ಕೆ ಸರಿಯುತ್ತಾರೆ. ಇಬ್ಬನಿಯ ಹುಲ್ಲಿನ ಮೇಲೆ ಬಿಳಿ ಗೆರೆಯೊಂದು ಅವರ ಪಾದಗಳನ್ನು ಹಿಂಬಾಲಿಸುತ್ತದೆ. ಹಿಂದೆ ಹಿಂದೆ ನಡೆಯುವುದು ಇವರಿಗೆ ಹೊಸದೇನಲ್ಲ. ಹೋದ ವರ್ಷದವರೆಗೂ ಇದೇ ಮೈದಾನದಲ್ಲಿ ಸವಣೂರು ಫುಟ್ಬಾಲ್ ತಂಡದ ಬ್ಯಾಕ್ ಆಗಿ, ಗೋಲಿನ ಮುಂದೆ ಕಾವಲು ನಿಂತು ಆಡಿದವರು. ಈ ವರ್ಷ ಬ್ಯಾಕ್ ಬಗ್ಗಿಸುವುದಷ್ಟೇ ಉಳಿದಿದೆ.

ಹೆಸರು ಮೈಲಾರಪ್ಪ. ವಯಸ್ಸು ಮೂವತ್ತೆಂಟು. ಹುಟ್ಟೂರು ಶಿಗ್ಗಾಂವಿ ತಾಲೂಕಿನ ದುಂಡಸಿ. ಗೋಲಿನ ಮುಂದಿನ ಚೌಕ ಬರೆದು ಮುಗಿಸುವ ಹೊತ್ತಿಗೆ ಡಬ್ಬಿ ಕೆಳಗಿಡುತ್ತಾರೆ, ಚೌಕದೊಳಗೆ ಒಂದು ಜಾಗದಲ್ಲಿ ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ. ಅಲ್ಲಿ ಹುಲ್ಲಿಲ್ಲ.

“ಇದು ನಾ ನಿಂದ್ರೂ ಜಾಗಾರಿ. ಹುಲ್ಲು ಹಚ್ಚಿದ್ವಿ, ನೀರು ಬಿಟ್ವಿ, ಏಳವಲ್ದು. ನನ್ನ ಕಾಲಾಗ ಅಷ್ಟು ವರ್ಷ ಸತ್ತೈತಿ ಅದು, ಈಗ ಏಳಂದ್ರ ಹ್ಯಾಂಗ ಏಳಬೇಕು?” ಎನ್ನುತ್ತಾರೆ. ನಗುತ್ತಾರೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಈ ಅಭ್ಯಾಸ ಈ ವರ್ಷ ಶುರುವಾದದ್ದು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳ ತಂಡಗಳು ಚಳಿಗಾಲದಲ್ಲಿ ವರದಾ ಲೀಗ್ ಎಂಬ ಫುಟ್ಬಾಲ್ ಪಂದ್ಯಾವಳಿ ಆಡುತ್ತವೆ. ಆಟಗಾರರಿಗೆ ದುಡ್ಡು ಕೊಟ್ಟು ಆಡಿಸುವ ಲೀಗು. ಮೊದಮೊದಲು ಹಿರೇಕೆರೂರಿನವರ ಕೈ ಉದ್ದವಿತ್ತು. ಕಾಲು ಚುರುಕಿದ್ದವರನ್ನೆಲ್ಲ ಕೊಂಡುಬಿಟ್ಟರು. ಉಳಿದ ಮೂರು ಊರಿನವರು ಏಳು ಗೋಲು, ಎಂಟು ಗೋಲು ತಿಂದು ಮನೆಗೆ ಹೋಗುವುದು, ನೋಡುವವರು ಅರ್ಧ ಆಟಕ್ಕೇ ಎದ್ದು ಮಿರ್ಚಿ ಗಾಡಿಯ ಕಡೆ ನಡೆಯುವುದು. ಆಗ ಲೀಗಿನ ಹಿರಿಯರು ಕೂತು ಒಂದು ಮಿತಿ ಹಾಕಿದರು: ಯಾವ ತಂಡವೂ ಒಂದು ಹಂಗಾಮಿಗೆ ಎಲ್ಲ ಆಟಗಾರರೂ ಸೇರಿ ಒಂಬತ್ತು ಲಕ್ಷಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅದಕ್ಕೆ ‘ಕ್ಯಾಪ್’ ಎಂದು ಹೆಸರಿಟ್ಟರು. ಮೈಲಾರಪ್ಪ ಅದನ್ನು ಟೊಪ್ಪಿಗಿ ಎನ್ನುತ್ತಾರೆ. ಹಾಕಿದವರು ಹಾಕಿದರು, ಹಾಕಿಸಿಕೊಂಡವರು ಯಾರು ಎಂದು ಅವರು ಬಿಡಿಸಿ ಹೇಳುವುದಿಲ್ಲ.

“ಹಿರೇರು ಚಲೋ ಮನಸಿಂದನ ಮಾಡ್ಯಾರ, ಸುಳ್ಳ ಯಾಕ ಹೇಳ್ಲಿ? ಬುಟ್ಟ್ಯಾಗ ರೊಟ್ಟಿ ಇಷ್ಟ ಅಂದ್ರು. ಸರಿ. ಆದ್ರ ಬುಟ್ಟಿ ಮುಂದ ಕುಂತಾವ ಜಟ್ಟಿ ಇದ್ರ? ಅವ ಅರ್ಧ ಬುಟ್ಟಿ ಉಂಡ ಮ್ಯಾಲೆ ಉಳಿದಾವ್ರು ಚೂರು ಹಂಚ್ಕೋಬೇಕಲ್ರಿ.”

ಸವಣೂರಿನ ಬುಟ್ಟಿ ಮುಂದೆ ಕೂತ ಜಟ್ಟಿಯ ಹೆಸರು ದಿಲಾವರ. ಖಾರದ ಅಂಗಡಿಯವರ ಮಗ, ಇಪ್ಪತ್ಮೂರರ ಹುಡುಗ, ಎಡಗಾಲಿಗೆ ಚೆಂಡು ಬಿತ್ತೆಂದರೆ ಎದುರು ಗೋಲು ಕಾಯುವ ಗೋಲಿಯ ಎದೆ ಧಸಕ್ಕೆನ್ನುತ್ತದೆ. ಮೈಕಿನಲ್ಲಿ ವೀಕ್ಷಕ ವಿವರಣೆ ಹೇಳುವಾತ ಅವನಿಗಾಗಿಯೇ ಒಂದು ರಾಗ ಇಟ್ಟುಕೊಂಡಿದ್ದಾನೆ: “ದಿಲಾ... ದಿಲಾ... ದಿಲ್ ಆವರಿಸಿದ ದಿಲಾವರಾ!” ಮೈಲಾರಪ್ಪ ಆ ರಾಗವನ್ನು ಥೇಟು ಮೈಕಿನ ಗೊರಗೊರದ ಸಮೇತ ಅಣಕಿಸಿ ತೋರಿಸುತ್ತಾರೆ. “ಬ್ಯಾಕಿನವನ ಹೆಸರು ಮೈಕಿನ್ಯಾಗ ಯಾವಾಗ ಬರತೈತಿ ಹೇಳ್ರಿ? ಗೋಲು ಬಿಟ್ಟಾಗ” ಎಂದು ಸೇರಿಸುತ್ತಾರೆ.

ದಿಲಾವರನಿಗೆ ಆ ಕಾಲು ಪಳಗಿಸಿದವರು ಇವರೇ. ಅಭ್ಯಾಸದಲ್ಲಿ ವರ್ಷಗಟ್ಟಲೆ ಅವನೆದುರು ಗೋಡೆಯಾಗಿ ನಿಂತು, ಬಿದ್ದು, ಮೊಣಕಾಲು ಕೆತ್ತಿಸಿಕೊಂಡು, “ಮತ್ತ ಬಾರಲೇ” ಎಂದವರು. ಹುಡುಗ ಬೆಳೆದ, ಅವನ ದರವೂ ಬೆಳೆಯಿತು. ಒಂಬತ್ತು ಲಕ್ಷ ಮಾತ್ರ ಬೆಳೆಯಲಿಲ್ಲ. ಮೈಲಾರಪ್ಪನವರಿಗೆ ಮೊದಲು ಸಿಗುತ್ತಿದ್ದ ಐವತ್ತು ಸಾವಿರ ನಲವತ್ತಾಯಿತು, ಆಮೇಲೆ ಮೂವತ್ತಾಯಿತು. ಹೋದ ವರ್ಷದ ಹೊತ್ತಿಗೆ ದಿಲಾವರನೊಬ್ಬನನ್ನು ಬಿಟ್ಟು ತಂಡದ ಎಲ್ಲರದೂ ಮೂವತ್ತೇ. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಬಡ ಆಟಗಾರರನ್ನು ಪುಕ್ಕಟೆ ದುಡಿಸಿಕೊಳ್ಳಬಾರದೆಂದು ಲೀಗಿನವರೇ ಕಟ್ಟಿದ ಇನ್ನೊಂದು ಬೇಲಿ ಅದು. ಆಡುವವನಿಗೆ ಕನಿಷ್ಠ ಮೂವತ್ತು ಸಾವಿರ ಕೊಡಲೇಬೇಕು.

ಈ ವರ್ಷ ಹಾನಗಲ್ಲಿನವರು ದಿಲಾವರನಿಗೆ ಮೂವತ್ತು ಸಾವಿರ ಹೆಚ್ಚಿಗೆ ಕೊಡುತ್ತೇವೆಂದು ಹೇಳಿ ಕಳಿಸಿದರು. ಅಷ್ಟೇ ಕೊಟ್ಟು ಅವನನ್ನು ಉಳಿಸಿಕೊಳ್ಳಬೇಕೆಂದರೆ ಸವಣೂರು ತಂಡದಿಂದ ಒಬ್ಬ ಮನುಷ್ಯ ಪೂರ್ತಿ ಹೋಗಬೇಕು. ಯಾರು ಹೋಗಬೇಕೆಂದು ತೀರ್ಮಾನಿಸುವ ಕೆಲಸ ತಂಡದ ಮ್ಯಾನೇಜರ್ ವಿಜಯೀಂದ್ರ ಅವರದು. ನಿವೃತ್ತ ಕಾಮರ್ಸ್ ಮೇಷ್ಟ್ರು, ಲೆಕ್ಕದಲ್ಲಿ ಗಟ್ಟಿ, ದಾಕ್ಷಿಣ್ಯದಲ್ಲಿ ಅದಕ್ಕಿಂತ ಗಟ್ಟಿ. ಮೊಣಕಾಲು ಸವೆದ ಮೂವತ್ತೆಂಟರ ಬ್ಯಾಕ್ ಹೋಗಬೇಕೆಂದು ಅವರು ತೀರ್ಮಾನಿಸಿದರು. ಹೇಳುವುದಷ್ಟೇ ಬಾಕಿ.

ಹಂಗಾಮಿಲ್ಲದಾಗ ಮೈಲಾರಪ್ಪ ವೀಳ್ಯದೆಲೆ ತೋಟದಲ್ಲಿ ಎಲೆ ಕೊಯ್ಯುತ್ತಾರೆ. ಹೇಳಲೆಂದು ವಿಜಯೀಂದ್ರ ತೋಟಕ್ಕೆ ಹೋದರು. ಬಿಸಿಲಿನ ಬಗ್ಗೆ ಮಾತಾಡಿದರು, ಮೊಣಕಾಲಿನ ಬಗ್ಗೆ ವಿಚಾರಿಸಿದರು, ಎಲೆ ಹಿಡಿದುಕೊಂಡು ವಾಪಸ್ ಬಂದರು. ಮತ್ತೆ ಹೋದರು, ಮತ್ತೆ ಎಲೆ. ಕೊನೆಗೊಮ್ಮೆ, “ಮೈಲಾರಪ್ಪ, ಕರಾರಿನ ದಿನಕ್ಕ ಈ ಸಲ ಹದಿನೆಂಟು ವೀಳ್ಯಾ ಕಟ್ರಿ. ಹೋದ ವರ್ಷ ಹತ್ತೊಂಬತ್ತು ಇದ್ದವಲಾ, ಈ ಸಲ ಹದಿನೆಂಟ” ಎಂದು ಎರಡೆರಡು ಸಲ ಒತ್ತಿ ಹೇಳಿದರು. ಆಟಗಾರನಿಗೊಂದು ವೀಳ್ಯ, ಅಷ್ಟರಲ್ಲೇ ತಿಳಿದುಕೊಳ್ಳಲಿ ಎಂಬುದು ಅವರ ಆಸೆ. ಮೈಲಾರಪ್ಪ ತಿಳಿದುಕೊಂಡದ್ದೇ ಬೇರೆ. ಹಳೆಯ ಗೋಲಿ ಗೋವಾಕ್ಕೆ ಕೆಲಸಕ್ಕೆ ಹೋದ ಸುದ್ದಿ ಅವರಿಗೆ ಗೊತ್ತಿತ್ತು. ಒಂದು ವೀಳ್ಯ ಕಡಿಮೆಯಾದದ್ದು ಅವನದು ಎಂದುಕೊಂಡರು. ಗೋಲಿಯ ಜಾಗಕ್ಕೆ ಯಲವಿಗಿಯ ಹೊಸ ಹುಡುಗ ಬಂದದ್ದು ಅವರಿಗೆ ಗೊತ್ತಿರಲಿಲ್ಲ.

ಸವಣೂರು ತಂಡದಲ್ಲಿ ಕರಾರು ಬಾಯಲ್ಲಿ ಆಗುತ್ತದೆ, ಅದೂ ಅಕ್ಷರಶಃ. ಆಟಗಾರರು ವಯಸ್ಸಿನ ಪ್ರಕಾರ ಸಾಲಾಗಿ ಕೂರುತ್ತಾರೆ. ಎಲೆ, ಅಡಿಕೆ, ಸುಣ್ಣದ ತಟ್ಟೆ ಹಿರಿಯನಿಂದ ಕಿರಿಯನವರೆಗೆ ಸಾಗುತ್ತದೆ. ಯಾರೂ ಹೆಸರು ಕರೆಯುವುದಿಲ್ಲ. ವೀಳ್ಯ ತೆಗೆದುಕೊಂಡು ಅಲ್ಲೇ ಜಗಿದು ಬಾಯಿ ಕೆಂಪು ಮಾಡಿಕೊಂಡವನು ಆ ವರ್ಷ ಸವಣೂರಿನವನು. ಸಹಿ ಆಮೇಲೆ. ಲೆಕ್ಕ ಮೀರುತ್ತದೆಯೋ ಇಲ್ಲವೋ ನೋಡಲು ಎದುರಾಳಿ ತಂಡದ ಒಬ್ಬ ಪ್ರತಿನಿಧಿ ಕೂರುವುದು ಲೀಗಿನ ನಿಯಮ. ಆ ದಿನ ಹಾನಗಲ್ಲಿನವರೊಬ್ಬರು ಕೂತಿದ್ದರು.

ಮೈಲಾರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಸಾಲಿನ ತಲೆಗೆ ಕೂತರು. ನಸುಕಿನಲ್ಲಿ ತಾವೇ ಕೊಯ್ದು ತಾವೇ ಕಟ್ಟಿದ ಎಲೆ. ತಟ್ಟೆ ಮೊದಲು ಅವರ ಮುಂದೆ ಬಂತು. ತೆಗೆದುಕೊಂಡರು, ಜಗಿದರು. ವಿಜಯೀಂದ್ರ ನೋಡುತ್ತಿದ್ದರು, ಕೈಯಲ್ಲಿದ್ದ ಹೆಸರಿನ ಪಟ್ಟಿಯನ್ನು ಮಡಚಿಕೊಂಡರು. ತಟ್ಟೆ ದಿಲಾವರನನ್ನು ದಾಟಿ ಸಾಲಿನ ಕೊನೆ ಮುಟ್ಟಿತು. ಯಲವಿಗಿಯ ಹೊಸ ಗೋಲಿ ಕೈ ಚಾಚಿದ. ತಟ್ಟೆಯಲ್ಲಿ ಸುಣ್ಣ ಮಾತ್ರ ಇತ್ತು.

“ಹದಿನೆಂಟ ಹೆಸರು, ಹತ್ತೊಂಬತ್ತ ಮಂದಿ!” ಹಾನಗಲ್ಲಿನವರು ಎದ್ದು ನಿಂತರು. “ಆ ಹಿರೇರ ಬಾಯಿ ಕೆಂಪಗಾಗೇತಿ ನೋಡ್ರಿ. ಅವರನ್ನೂ ಹಿಡದ್ರ ನಿಮ್ಮ ಲೆಕ್ಕ ಒಂಬತ್ತು ಲಕ್ಷ ದಾಟತೈತಿ. ದಾಟಿದ್ರ ಎಲ್ಲಾರಕಿಂತ ದೊಡ್ಡ ಕರಾರು ರದ್ದು ಅಂತ ನಿಯಮ ಐತಿ, ಅಂದ್ರ ದಿಲಾವರಂದು. ಹುಡುಗ ನಮ್ಮ ಜೀಪಿನ್ಯಾಗ ಹತ್ತಲಿ.”

ಆಗ ಮೈಲಾರಪ್ಪನವರಿಗೆ ತಿಳಿಯಿತು. “ನಾ ಪುಕ್ಕಟ ಆಡ್ತೇನ್ರಿ, ನನಗೇನೂ ಬ್ಯಾಡ” ಎಂದರು. ವಿಜಯೀಂದ್ರ ಕನ್ನಡಕ ತೆಗೆದು ಒರೆಸುತ್ತ, “ಪುಕ್ಕಟ ಆಡ್ಸ್ಲಿಕ್ಕೆ ಬರೂದಿಲ್ಲ ಮೈಲಾರಪ್ಪ. ನಿಮ್ಮಂಥವ್ರಿಗೆ ಅನ್ಯಾಯ ಆಗಬಾರದಂತನ ಆ ನಿಯಮ ಅದ” ಎಂದರು. ಅದನ್ನು ಹೇಳುವಾಗ ಅವರ ದನಿ ಹೇಗಿತ್ತೆಂದು ಮೈಲಾರಪ್ಪ ಈಗಲೂ ಅನುಕರಿಸಿ ತೋರಿಸಬಲ್ಲರು. ಆ ಒಂದು ಮಿಮಿಕ್ರಿಗೆ ಮಾತ್ರ ಯಾರೂ ನಗುವುದಿಲ್ಲ.

ಕೋಣೆಯಲ್ಲಿ ಎಲ್ಲರೂ ಇವರನ್ನೇ ನೋಡುತ್ತಿದ್ದರು, ದಿಲಾವರನೊಬ್ಬನ ಹೊರತು. ಅವನು ತನ್ನ ಕಾಲ ಬೆರಳು ನೋಡುತ್ತಿದ್ದ. ಮೈಲಾರಪ್ಪ ಎದ್ದರು. ಹೊರಗೆ ನಳದ ಹತ್ತಿರ ಹೋಗಿ ಉಗುಳಿದರು, ಬಾಯಿ ಮುಕ್ಕಳಿಸಿದರು. ಕೆಂಪು ಹೋಗಲಿಲ್ಲ. ಬೆರಳಿಗೆ ಮಣ್ಣು ಹಚ್ಚಿಕೊಂಡು ಹಲ್ಲು ತಿಕ್ಕಿದರು. ಒಳಗೆ ಬಂದು ಹಾನಗಲ್ಲಿನವರ ಮುಂದೆ ನಿಂತು ಬಾಯಿ ತೆರೆದು ತೋರಿಸಿದರು.

“ಸಾಕೇನ್ರಿ?” ಎಂದರಂತೆ. ಹಾನಗಲ್ಲಿನವರೂ ಮುಖ ಆಚೆ ತಿರುಗಿಸಿದರು. “ಸಾಕ್ರಿ” ಎಂದರು.

ಆ ಸಂಜೆ ಮನೆಯಲ್ಲಿ ಹೆಂಡತಿ ಯಶೋಧರಾ ಬುದ್ಧನ ಪಟದ ಮುಂದೆ ದೀಪ ಹಚ್ಚಿ, ಇತ್ತ ತಿರುಗಿ ಕೇಳಿದ್ದು ಒಂದೇ ಮಾತು: “ಊರ ಮಂದಿಗೆ ಬಾಯಿ ತೆರೆದು ತೋರಿಸಿ ಬಂದ್ಯಲ್ಲ, ಹಲ್ಲಿನ ಡಾಕ್ಟರ್ ಏನಂದ್ರು?” ಆಮೇಲೆ ಆಕೆಯೇ ಒಳಗೆ ಹೋಗಿ ಅತ್ತರು. ಈಗ ಕೇಳಿದರೆ, “ಅಳೂದೇನ್ರಿ, ಒಗ್ಗರಣಿ ಹೊಗಿ ಅದು” ಎನ್ನುತ್ತಾರೆ. ಗಂಡ ನಗುವಾಗ ಬಾಯಿ ಮುಚ್ಚಿಕೊಳ್ಳುವುದನ್ನು ಮೊದಲು ಕಂಡವರೂ ಅವರೇ. “ಎಲಿ ತ್ವಾಟದಾಗ ದುಡಿಯಾವ ಎಲಿ ಹಾಕ್ಕೊಳ್ಳೂದು ಬಿಟ್ಟಾನ್ರಿ. ಮಂದಿ ಊಟಾ ಆದ ಮ್ಯಾಲೆ ಕೊಡಾಕ ಬಂದ್ರ ಎದ್ದು ಹೋಗ್ತಾನ.”

ವಿಜಯೀಂದ್ರ ಕೈ ಬಿಡಲಿಲ್ಲ ಎನ್ನಬೇಕು. ಮೈದಾನದ ಖರ್ಚು ಕ್ಯಾಪಿನೊಳಗೆ ಬರುವುದಿಲ್ಲ. ಹಾಗಾಗಿ ಪಂದ್ಯದ ದಿನ ಗೆರೆ ಹಾಕುವುದು, ಬಲೆ ಕಟ್ಟುವುದು, ಕಲ್ಲು ಹೆಕ್ಕುವುದು ಇವರ ಪಾಲಿಗೆ ಬಂತು. ದಿನಕ್ಕೆ ನಾನೂರು ರೂಪಾಯಿ, ಒಂದು ಚಹಾ, ಒಂದು ಪ್ಲೇಟು ಅವಲಕ್ಕಿ. ಒಂದು ಮೈದಾನಕ್ಕೆ ಒಂದು ಚೀಲ ಸುಣ್ಣ, ಇಬ್ಬನಿ ಜೋರಿದ್ದರೆ ಒಂದೂವರೆ. ಪಗಾರದ ಆಳು ಆಟಕ್ಕೆ ಇಳಿಯುವಂತಿಲ್ಲ ಎಂಬುದು ಇನ್ನೂ ಒಂದು ನಿಯಮ. ಗೆರೆ ಬರೆದವರು ಗೆರೆ ದಾಟುವಂತಿಲ್ಲ.

ಇವತ್ತು ಬಂದಿರುವುದು ಹಾನಗಲ್ಲೇ. ಮಧ್ಯಾಹ್ನದ ಹೊತ್ತಿಗೆ ಮೈದಾನದ ಸುತ್ತ ಸೈಕಲ್ಲು, ಬೈಕು, ಖಾರದ ಪೊಟ್ಟಣ. ದಿಲಾವರ ಮೊದಲ ಅರ್ಧದಲ್ಲೇ ಗೋಲು ಹೊಡೆಯುತ್ತಾನೆ, ಮೈಕು ದಿಲ್ ಆವರಿಸುತ್ತದೆ. ಮೈಲಾರಪ್ಪ ಗೆರೆಯ ಹೊರಗೆ ಖಾಲಿ ಚೀಲದ ಮೇಲೆ ಕೂತಿದ್ದಾರೆ. ಅವರು ಚೆಂಡು ನೋಡುತ್ತಿಲ್ಲ, ಹುಲ್ಲಿಲ್ಲದ ಆ ಜಾಗ ನೋಡುತ್ತಿದ್ದಾರೆ. ಅಲ್ಲಿ ಈಗ ಇರುವ ಹುಡುಗ ಜೋರಾಗಿ ಓಡುತ್ತಾನೆ, ನಿಲ್ಲುವುದು ಅವನಿಗೆ ಬರುವುದಿಲ್ಲ. “ಬ್ಯಾಡೋ ತಮ್ಮಾ, ಮುಂದ ಹೋಗಬ್ಯಾಡೋ” ಎಂದು ಇವರು ಗೊಣಗುವಷ್ಟರಲ್ಲಿ ಹಾನಗಲ್ಲಿನವರು ಅದೇ ಜಾಗದಿಂದ ನುಗ್ಗಿ ಗೋಲು ಹೊಡೆಯುತ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಇನ್ನೊಂದು. ಸವಣೂರು ಸೋಲುತ್ತದೆ. ಮೈದಾನ ಖಾಲಿಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ದಿಲಾವರ ಬೂಟು ಕೈಯಲ್ಲಿ ಹಿಡಿದು ಬರುತ್ತಾನೆ. “ಕಾಕಾ, ಹಾನಗಲ್ಲಿನವ್ರು ಅಪ್ಪನ ಅಂಗಡಿಗೆ ಬಂದು ಕುಂತಾರಂತ. ಮುಂದಿನ ವರ್ಷದ್ದು ಈಗನ ಮಾತಾಡಾಕತ್ತಾರ.”

“ಹೋಗ್ತಿಯೇನಲೇ?”

“ನೀವ ಹೇಳ್ರಿ.”

“ನಾ ಹೇಳಂಗಿದ್ರ ಬಾಯಿ ಯಾಕ ತೊಳಕೋತಿದ್ದೆ?” ಎನ್ನುತ್ತಾರೆ ಮೈಲಾರಪ್ಪ. ಹುಡುಗನ ಕುತ್ತಿಗೆಗೆ ಮೆತ್ತಿದ ಸುಣ್ಣವನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. “ಹೋಗು. ಕಾಲು ಇರೂತನಕ ದುಡಕೋ. ಎಡಗಾಲಿನ ಬೂಟು ಮಾತ್ರ ಬಿಗಿ ಕಟ್ಟು, ಸಡಲ ಕಟ್ಟಾಕತ್ತಿ.”

ಹುಡುಗ ತಲೆ ತಗ್ಗಿಸಿ ನಡೆಯುತ್ತಾನೆ. ದಿಲಾವರ ಹೋದರೆ ಆ ದುಡ್ಡಿನಲ್ಲಿ ಇನ್ನೊಬ್ಬ ದಿಲಾವರನನ್ನು ತರಬೇಕು, ಮೂವತ್ತೊಂಬತ್ತರ ಬ್ಯಾಕ್ ಯಾರಿಗೂ ನೆನಪಾಗುವುದಿಲ್ಲ ಎಂಬುದು ಮೈಲಾರಪ್ಪನವರಿಗೆ ಗೊತ್ತು. ವಿಜಯೀಂದ್ರ ಎದುರಾದಾಗಲೆಲ್ಲ “ಮುಂದಿನ ವರ್ಷ ನೋಡೂಣಂತ” ಎನ್ನುತ್ತಾರೆ, ಮತ್ತು ಮೊಣಕಾಲು ವಿಚಾರಿಸುತ್ತಾರೆ.

ಏನು ಆಸೆ ಎಂದು ಕೇಳಿದರೆ ಮೈಲಾರಪ್ಪ ಉಳಿದ ಸುಣ್ಣವನ್ನು ಡಬ್ಬಿಯಿಂದ ಚೀಲಕ್ಕೆ ಸುರಿಯುತ್ತಾರೆ. “ಇನ್ನೊಮ್ಮೆ ಆ ಸಾಲಿನ್ಯಾಗ ಕುಂದ್ರಬೇಕ್ರಿ. ತಟ್ಟಿ ನನ್ನ ಮುಂದ ಬರಬೇಕು. ಆಡೂದು ಆಮ್ಯಾಲಿನ ಮಾತು.”

ಚೀಲದ ಬಾಯಿ ಕಟ್ಟುತ್ತಾರೆ. ಬೆರಳ ತುದಿಗೆ ಉಳಿದ ಬಿಳಿಯನ್ನು ನೋಡಿಕೊಳ್ಳುತ್ತಾರೆ. ಈ ಸಲ ಬಾಯಿಗೆ ಕೈ ಅಡ್ಡ ಬರುವುದಿಲ್ಲ.

“ಎಲಿ ಅಡಿಕಿ ಎಲ್ಲಾ ಅವರ ಕಡೆ ಅದಾವ್ರಿ. ಇರ್ಲಿ. ಸುಣ್ಣ ನನ್ನ ಕಡೆ ಐತಿ. ಸುಣ್ಣ ಇಲ್ದ ಯಾವನ ಬಾಯೀನೂ ಕೆಂಪಾಗೂದಿಲ್ಲ.”