ಮೆಟ್ಟಿಲ ಕೆಳಗಿನ ಶಾಲೆ

ಹಿಟ್ಟಿನ ಗಿರಣಿಯ ಟುಕುಟುಕು ಸದ್ದು ಸಂಜೆ ನಿಂತಿತೆಂದರೆ ಯಂಕಂಚಿಯಲ್ಲಿ ರೇಣವ್ವನ ಶಾಲೆ ಶುರು. ಗಿರಣಿಯ ಹಿಂದಿನ ಕೇರಿಯಲ್ಲೇ ಅವಳ ಮನೆ. ಸಿಂದಗಿಯಲ್ಲಿ ಬಿ.ಎ. ಓದುತ್ತಿದ್ದವಳು, ಎಪ್ಪತ್ತೆಂಟರಲ್ಲಿ ಸರಕಾರದ ವಯಸ್ಕರ ಶಿಕ್ಷಣ ಯೋಜನೆ ಬಂದಾಗ ಊರಿನ ಹೆಂಗಸರಿಗೆ ಕಲಿಸುವ ಹೊಣೆ ಹೊತ್ತಳು. ಶಾಲೆಗೆ ಜಾಗ ಕೊಟ್ಟವರು ಗುರುಲಿಂಗಪ್ಪಗೌಡರು. ಅವರ ಪಡಸಾಲೆಯ ಜಮಖಾನೆಯ ಮೇಲೆ ಮೇಲೋಣಿಯ ಹೆಂಗಸರು ಕೂಡುತ್ತಿದ್ದರು, ಕೇರಿಯವರು ಮೆಟ್ಟಿಲ ಕೆಳಗೆ ಅಂಗಳದಲ್ಲಿ. ಕಲಿಸುವವಳೆಂದು ರೇಣವ್ವನನ್ನು ಮಾತ್ರ ಮೇಲೆ ಬಿಟ್ಟಿದ್ದರು. ಶಾಲೆ ಮುರಿಯಬಾರದೆಂದು ಅವಳು ಇಷ್ಟು ದಿನ ಹಲ್ಲು ಕಚ್ಚಿ ಸಹಿಸಿದ್ದಳು.

ಅಂದು ಅವಳ ತಾಯಿ ಸೀತವ್ವ ತನ್ನ ಹೆಸರು ಬರೆದು ತೋರಿಸಲು, ಖುಷಿಯಲ್ಲಿ ಮೈಮರೆತು, ಮೆಟ್ಟಿಲು ಹತ್ತಿಬಿಟ್ಟಳು.

"ಏ ಸೀತಿ, ಕೆಳಗ ಮಣ್ಣಾಗ ಬರಿ. ಮಣ್ಣಿಗೇನು ಅಕ್ಷರ ಹತ್ತೂದಿಲ್ಲೇನು?" ಎಂದರು ಗೌಡರು. ಜಮಖಾನೆ ಕಿಸಕ್ಕೆಂದು ನಕ್ಕಿತು. ಸೀತವ್ವ ತಲೆ ತಗ್ಗಿಸಿ ಇಳಿದಳು.

ರೇಣವ್ವನ ಮುಷ್ಟಿಯಲ್ಲಿ ಸುಣ್ಣದ ಕಡ್ಡಿ ಪುಡಿಯಾಯಿತು. ಅವಳು ಮೊಳೆಯಿಂದ ಬೋರ್ಡು ಕಿತ್ತಳು.

"ಪಡಸಾಲಿ ನಿಮ್ದರಿ ಗೌಡ್ರ. ಬೋರ್ಡು ಸರಕಾರದ್ದು. ನಡೀಬೇ ಯವ್ವಾ, ಸಾಲಿ ನಮ್ಮ ಓಣ್ಯಾಗ."

"ಏ ಹುಡುಗಿ, ನಿಂದರ! ನಾಳಿಂದ ನಿಮ್ಮಪ್ಪ ನಮ್ಮ ಹೊಲಕ್ಕ..."

ಗೌಡರ ಮಾತು ಇನ್ನೂ ಬಾಯಲ್ಲಿರುವಾಗಲೇ ಅವಳು ಬೋರ್ಡನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಇಳಿದು ಹೊರಟಿದ್ದಳು.